ನೀರಿಗಿಳಿಯದ ಬಲಗೈ

"ಫುಸಾಯೆ! ಕಳ್ಳ ಸಿಕ್ಕಿದ!"

ಗಂಡಸರ ಸ್ನಾನದ ಮನೆಯ ನೀಲಿ ಪರದೆ ಸರಿಸಿಕೊಂಡು ಗೊಂಪಾಚಿ ಅಜ್ಜ ಹೊರಗೆ ಬಂದ. ಮೈಯೆಲ್ಲ ಬೆಂದ ಏಡಿಯ ಬಣ್ಣ. ಸೊಂಟಕ್ಕೆ ಅಂಗೈಯಗಲದ ಒಂದು ಟವೆಲು. ಎಪ್ಪತ್ತೊಂದು ವರ್ಷದ ಮನುಷ್ಯ ಆ ವೇಷದಲ್ಲಿ, ಬೆಳಗಿನ ಹನ್ನೊಂದು ಗಂಟೆಗೆ, ಹಿನೋಕಿಯಾ ವಸತಿಗೃಹದ ನಡುಹಜಾರದಲ್ಲಿ ನಿಂತು ಕೂಗಿದರೆ ಬಂದ ಅತಿಥಿಗಳು ಏನಂದುಕೊಳ್ಳಬೇಕು?

"ಮೊದ್ಲು ಬಟ್ಟೆ ಹಾಕ್ಕೊಳ್ಳಿ ಅಜ್ಜ. ಕಳ್ಳ ಎಲ್ಲೂ ಓಡಲ್ಲ, ಹೊರಗೆ ಆಳೆತ್ತರ ಹಿಮ ಬಿದ್ದಿದೆ."

"ಬಟ್ಟೆ ಆಮೇಲೆ. ಕೈ ನೋಡ್ದೆ ಕಣೇ! ಬಲಗೈ! ನೀರಿನಿಂದ ಹೊರಗೆ, ಹೀಗೆ!" ಎನ್ನುತ್ತ ತನ್ನ ಬಲಗೈಯನ್ನು ಮೇಲೆತ್ತಿ ತೋರಿಸಿದ. ಟವೆಲು ಹಿಡಿದುಕೊಂಡಿದ್ದದ್ದೂ ಅದೇ ಕೈ. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಮೂರು ದಿನದ ಹಿಂದೆ ನಮ್ಮ ಉಗ್ರಾಣದಿಂದ ನೂರ ಹತ್ತು ವರ್ಷದ ತವುಡಿನ ಮರಿಗೆ ಕಾಣೆಯಾಗಿತ್ತು. ಅದನ್ನು ಹುಡುಕಲು ಹೊರಟವರು ಪೊಲೀಸರಲ್ಲ, ಬಾಗಿಲಲ್ಲಿ ಕೂತು ಅತಿಥಿಗಳ ಚಪ್ಪಲಿ, ಬೂಟು ಕಾಯುವ ಈ ಗೊಂಪಾಚಿ ಅಜ್ಜ. ಮನುಷ್ಯರನ್ನು ಮುಖ ನೋಡಿ ಗುರುತು ಹಿಡಿಯುವ ಅಭ್ಯಾಸ ಅವನಿಗಿಲ್ಲ. ಮುಖ ಸುಳ್ಳು ಹೇಳುತ್ತದೆ, ಹಿಮ್ಮಡಿ ಹೇಳುವುದಿಲ್ಲ ಎನ್ನುತ್ತಾನೆ. ಸವೆದ ಹಿಮ್ಮಡಿ ನೋಡಿ ಒಬ್ಬಾತನ ಸಾಲ, ಸಂಸಾರ, ಸಿಟ್ಟು ಮೂರನ್ನೂ ಹೇಳಬಲ್ಲ. ಹೇಳಿದ್ದರಲ್ಲಿ ಅರ್ಧ ತಪ್ಪಿರುತ್ತದೆ, ಅದು ಬೇರೆ ಮಾತು.

"ಯಾರ ಕೈ?" ಎಂದೆ ಗೋಡೆಗೆ.

"ಔಷಧಿ ಕುವಾಬಾರಾ!"

ನನಗೆ ನಗು ಬಂತು, ಆಮೇಲೆ ಯಾಕೋ ಎದೆ ಧಸಕ್ಕೆಂದಿತು. ತೊಯಾಮಾ ಸೀಮೆಯ ಕುವಾಬಾರಾ ಹನ್ನೊಂದು ಚಳಿಗಾಲದಿಂದ ನಮ್ಮಲ್ಲಿ ಇಳಿದುಕೊಳ್ಳುವವನು. ಬೆನ್ನಿಗೆ ಔಷಧಿಯ ಗಂಟು ಹೊತ್ತು ಮನೆಮನೆಗೆ ಹೋಗಿ, ಖಾಲಿಯಾದ ಡಬ್ಬಿ ತುಂಬಿಸಿ, ಮಕ್ಕಳ ಕೈಗೆ ಕಾಗದದ ಪುಗ್ಗೆ ಕೊಟ್ಟು ಬರುತ್ತಾನೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಇಂಥವನು ಉಪ್ಪಿನಕಾಯಿ ಮರಿಗೆ ಕದಿಯುತ್ತಾನೆಯೆ?

"ನಿಮ್ಮ ತಲೆಗೆ ಬಿಸಿನೀರು ಏರಿದೆ. ಹೋಗಿ ಬಟ್ಟೆ ಹಾಕ್ಕೊಳ್ಳಿ."

ನನಗೂ ಪುರುಸೊತ್ತಿರಲಿಲ್ಲ. ಆಗಷ್ಟೇ ಹೆಂಗಸರ ಕಡೆಯಿಂದ ಬಂದಿದ್ದೆ. ದೊಡ್ಡ ಯಜಮಾನಿ ತಾತ್ಸು ಅವರ ಬೆನ್ನು ಉಜ್ಜುವುದು ಇಪ್ಪತ್ತೆರಡು ವರ್ಷದಿಂದ ನನ್ನ ಪಾಲಿನ ಕೆಲಸ. ಉಜ್ಜಿ ನೀರಿಗಿಳಿಸಿದ ಮೇಲೆ ಅವರು ಕುತ್ತಿಗೆಯವರೆಗೆ ಮುಳುಗಿ ಕೂತು, ಬಲಮೊಳಕೈಯನ್ನು ಕಲ್ಲುಕಟ್ಟೆಗೆ ಊರಿ, ಅಂಗೈ ಮೇಲೊಂದು ಟವೆಲು ಹೊದಿಸಿಕೊಂಡು, ಅರ್ಧ ಗಂಟೆ ಸೊಸೆಯನ್ನು ಬೈದರು. ಅವಳು ಮಾಡುವ ಮಿಸೊ ಸಾರು ಪಾತ್ರೆ ತೊಳೆದ ನೀರಂತೆ. ಅವಳು ಹಾಸುವ ಹಾಸಿಗೆಯಲ್ಲಿ ಸುಕ್ಕು ಎಣಿಸಬಹುದಂತೆ. ಈಗ ಮರಿಗೆಯನ್ನೂ ಕಳೆದುಹಾಕಿದಳಂತೆ. ಕೇಳಿ ಕೇಳಿ ನನ್ನ ಕಿವಿ ಬೆಂದುಹೋಗಿತ್ತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯ ಸೊಸೆ ಚಿಯೋಗೆ ಆ ಕಾಲ ಬರಲು ನಾಲ್ಕೇ ದಿನ ಉಳಿದಿತ್ತು. ಶನಿವಾರ ಮೂಲಮನೆಯ ಹಿರಿಯರು ಐವರು ಬರುತ್ತಾರೆ. ಅವರೆದುರು ಚಿಯೋ ಆ ಮರಿಗೆಯ ಮೂಲಂಗಿಯನ್ನು ತನ್ನ ಕೈಯಾರೆ ಬಡಿಸಿದರೆ ಮನೆಯ ಬೀಗದ ಕೈ ಅವಳ ಸೊಂಟಕ್ಕೆ. ಬಡಿಸದಿದ್ದರೆ ಅವಳು ತವರಿಗೆ. ಹಿರಿಯರು ಕಾಗದದಲ್ಲಿ ಹಾಗೆಂದೇ ಬರೆದಿದ್ದರು: ಮರಿಗೆ ಉಳಿಸಿಕೊಳ್ಳದವಳು ಮನೆ ಉಳಿಸಿಕೊಳ್ಳುವುದಿಲ್ಲ. ಬರೆದ ಐವರಲ್ಲಿ ಒಬ್ಬನೂ ಜನ್ಮದಲ್ಲಿ ತವುಡಿಗೆ ಕೈ ಹಾಕಿದವನಲ್ಲ.

ಕಾಣದವರಿಗೆ ಅದು ಹುಳಿ ವಾಸನೆಯ ತವುಡು, ಅಷ್ಟೇ. ಉಪ್ಪು ಬೆರೆಸಿದ ಅಕ್ಕಿತವುಡಿನಲ್ಲಿ ಮೂಲಂಗಿ ಹೂತಿಟ್ಟರೆ ಮರುಬೆಳಿಗ್ಗೆಗೆ ಉಪ್ಪಿನಕಾಯಿ. ಆದರೆ ಅದಕ್ಕೆ ಜೀವವಿದೆ. ದಿನಾ ಬರಿಗೈಯಲ್ಲಿ ತಿರುವಬೇಕು, ಇಲ್ಲವಾದರೆ ಸಾಯುತ್ತದೆ. ನಮ್ಮ ಬಿಸಿನೀರ ಬುಗ್ಗೆಯ ಗಂಧಕದ ನೀರು ಸೋಕಿದರೂ ಸಾಯುತ್ತದೆ. ಅದಕ್ಕೇ ಈ ಮನೆಯಲ್ಲೊಂದು ಕಟ್ಟಳೆ: ಮರಿಗೆಗೆ ಹೋಗುವ ಕೈ ಬುಗ್ಗೆಗೆ ಹೋಗಬಾರದು.

ಮೂವತ್ತೆಂಟು ವರ್ಷ ತಾತ್ಸು ಅವರು ಬಲಗೈಯನ್ನು ಬಸ್ಸು ನಿಲ್ಲಿಸುವವರ ಹಾಗೆ ಎತ್ತಿ ಹಿಡಿದೇ ಸ್ನಾನ ಮಾಡಿದರು. ನಾಲ್ಕು ವರ್ಷದ ಹಿಂದೆ ತಿರುವುವ ಕೆಲಸವನ್ನು ಚಿಯೋಗೆ ವಹಿಸಿದ ದಿನ ಎರಡೂ ಕೈ ಮುಳುಗಿಸಿ, ಎಳೆಮಗುವಿನ ಹಾಗೆ ನೀರು ಬಡಿದು ಬಡಿದು ನಕ್ಕಿದ್ದರು. ಅವರು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಿಲ್ಲ.

ಅಂದಿನಿಂದ ಕೈ ಎತ್ತಿಕೊಂಡು ಕೂರುವ ಸರದಿ ಚಿಯೋದು.

ಅಷ್ಟರಲ್ಲಿ ಅಜ್ಜ ಮನೆಯ ಹೆಸರು ಬರೆದ ನೀಲಿ ಮೇಲಂಗಿ ತೊಟ್ಟು, ಮನುಷ್ಯನಾಗಿ ಬಂದ.

"ಕೇಳು ಫುಸಾಯೆ. ಮರಿಗೆ ಹಾಳು ಮಾಡ್ಬೇಕು ಅನ್ನೋನು ಅಲ್ಲೇ ಚೆಲ್ತಿದ್ದ. ಹೊತ್ಕೊಂಡು ಹೋದ ಅಂದ್ರೆ ಅದು ಬೇಕು ಅಂತ. ಬೇಕು ಅನ್ನೋನು ದಿನಾ ತಿರುವಬೇಕು. ತಿರುವೋನು ಕೈನ ನೀರಿಗೆ ಹಾಕಲ್ಲ. ಹೌದಾ?"

"ಹೌದು."

"ಮೂರು ದಿನದಿಂದ ಬೆನ್ನು ಉಜ್ಜೋ ನೆವ ಮಾಡ್ಕೊಂಡು ಎಲ್ಲಾ ಗಂಡಸರ ಜತೆ ಸ್ನಾನ ಮಾಡ್ತಾ ಇದ್ದೀನಿ. ದಿನಕ್ಕೆ ಏಳು ಸಲ! ನನ್ನ ಚರ್ಮ ನೋಡು, ಒಣಗಿಸಿದ ಖರ್ಜೂರ. ಕೈ ಎತ್ತಿಕೊಂಡು ಕೂತಿದ್ದೋನು ಅವನೊಬ್ಬನೇ. ಹನ್ನೊಂದು ವರ್ಷದಿಂದ ಬರ್ತಾನೆ, ಕಟ್ಟಳೆ ಗೊತ್ತು. ತೊಯಾಮಾದಲ್ಲಿ ಯಾವುದೋ ವಸತಿಗೃಹಕ್ಕೆ ಮಾರಾಟಕ್ಕೆ ಇಟ್ಟಿರ್ತಾನೆ."

ಮಾತು ಒಪ್ಪುವ ಹಾಗಿತ್ತು. ಅದೇ ನನಗೆ ಸಿಟ್ಟು ಬರಿಸಿದ್ದು.

ಅಡುಗೆಮನೆಗೆ ಹೋದರೆ ಚಿಯೋ ಬರೀ ಉಪ್ಪು ಸವರಿದ ಮೂಲಂಗಿಯನ್ನು ಅತಿಥಿಗಳಿಗೆಂದು ಹೆಚ್ಚುತ್ತಿದ್ದಳು. ಪಕ್ಕದಲ್ಲಿ ಹಳೇ ಪತ್ರಿಕೆಗಳ ಕಟ್ಟು, ಒಲೆ ಹೊತ್ತಿಸಲು ಇರಬೇಕು. ತಟ್ಟೆಯಲ್ಲಿ ದೊಡ್ಡ ದೊಡ್ಡ ಅನ್ನದುಂಡೆ ಮೂರು.

"ಇಷ್ಟೂ ನಿಮಗೇನಾ ಚಿಕ್ಕಮ್ಮೋರೇ?"

"ಯಾಕೋ ತುಂಬಾ ಹಸಿವು ಅಕ್ಕ."

ಪಾಪ, ದುಃಖಕ್ಕೆ ಕೆಲವರಿಗೆ ಊಟ ಸೇರುವುದಿಲ್ಲ, ಕೆಲವರಿಗೆ ಹಸಿವು ಹೆಚ್ಚುತ್ತದೆ. ನನ್ನ ಗಂಡ ತೀರಿಕೊಂಡಾಗ ನಾನು ಒಂದೇ ಕೂತಲ್ಲಿ ಆರು ಬಟ್ಟಲು ನೂಡಲ್ಸ್ ತಿಂದಿದ್ದೆ.

"ಕೆನ್ಸಾಕು ಅವ್ರಿಂದ ಕಾಗದ ಬಂತಾ?"

ಕೆನ್ಸಾಕು ಅವಳ ಗಂಡ, ತಾತ್ಸು ಅವರ ಒಬ್ಬನೇ ಮಗ. ಬುಗ್ಗೆಗೆ ಹೊಸ ಪಂಪು ತರುತ್ತೇನೆಂದು ಸೆಂದಾಯ್‌ಗೆ ಹೋಗಿ ಹನ್ನೊಂದು ದಿನವಾಗಿತ್ತು. ಅವನೊಬ್ಬ ಇದ್ದಿದ್ದರೆ ಹಿರಿಯರಿಗೆ ಎರಡು ಮಾತು ಹೇಳಿಯಾನು.

"ನಿನ್ನೆ ಕಾರ್ಡು ಬಂತು. ಪಂಪಿನ ಕೆಲಸ ಮುಗಿದಿಲ್ವಂತೆ," ಎಂದಳು ಮೂಲಂಗಿಯ ಮೇಲಿನ ಕಣ್ಣು ಎತ್ತದೆ. "ಅಕ್ಕ, ನಾನು ಹೋದ್ರೆ ನನ್ನ ಏಪ್ರನ್ ನೀವು ಇಟ್ಕೊಳ್ಳಿ. ಹೊಸದು, ಹೋದ ತಿಂಗಳು ತಗೊಂಡಿದ್ದು."

ಇಂಥ ಹುಡುಗಿಯನ್ನು ಹಿಮದಲ್ಲಿ ನಡೆಸಿ ಕಳಿಸುತ್ತಾರಂತೆ! ನನಗೆ ಎಷ್ಟು ಉರಿಯಿತೆಂದರೆ ಕುವಾಬಾರಾ ಆಗಲಿ ಅವನಪ್ಪನಾಗಲಿ, ಇವತ್ತು ಬಿಡಬಾರದು ಎಂದುಕೊಂಡು ನೇರ ಬಾಗಿಲ ಕಡೆ ನಡೆದೆ.

ಹೊರಬಾಗಿಲ ಪಕ್ಕದ ಚಪ್ಪಲಿ ಕೋಣೆ ಅಜ್ಜನ ಸಾಮ್ರಾಜ್ಯ. ಗೋಡೆಯುದ್ದಕ್ಕೂ ಪುಟ್ಟ ಬಾಗಿಲುಗಳ ಅರುವತ್ತು ಖಾನೆ. ಬೂಟು ಖಾನೆಗೆ ಹೋದರೆ ಅದೇ ಅಂಕಿಯ ಮರದ ಬಿಲ್ಲೆ ಅತಿಥಿಯ ಕೈಗೆ. ಬಿಲ್ಲೆ ಕೊಟ್ಟರೆ ಬೂಟು ಕೈಗೆ, ಬಿಲ್ಲೆ ವಾಪಸ್ಸು ಹಲಗೆಯ ಮೊಳೆಗೆ. ಜಗತ್ತು ಮುಳುಗಿದರೂ ಬಿಲ್ಲೆಯಿಲ್ಲದೆ ಬೂಟು ಹೊರಬರುವುದಿಲ್ಲ.

ನಾನು ಹೋಗುವ ಹೊತ್ತಿಗೆ ಕುವಾಬಾರಾ ಔಷಧಿಯ ಗಂಟು ಹೊತ್ತು ಹೊರಟು ನಿಂತಿದ್ದ. ಗಂಟಿನ ಒಂದು ಮೂಲೆಯನ್ನು ಏಳನೇ ಖಾನೆಗೆ ಆನಿಸಿದ್ದೇ ತಡ, ಅಜ್ಜ ಕಿರುಚಿದ.

"ಅದಕ್ಕೆ ತಾಗಿಸ್ಬೇಡಿ! ಅದು ನಮ್ಮ ಚಿಕ್ಕ ಧಣಿಗಳ ಖಾನೆ. ದಾರೀಲಿ ಇರೋರ ಖಾನೆ ಬಾಗಿಲು ಅವರು ಬರೋ ತನಕ ತೆಗೀಬಾರ್ದು. ತೆಗೆದ್ರೆ ಕಾಲು ಮನೆ ಕಡೆ ತಿರುಗಲ್ಲ."

"ತಪ್ಪಾಯ್ತು ಅಜ್ಜ. ನನ್ನ ಬೂಟು ಕೊಡಿ, ಕೆಳಗಿನ ಕೇರೀಲಿ ಇನ್ನೂ ಒಂಬತ್ತು ಮನೆ ಇದೆ."

"ಬಿಲ್ಲೆ?"

ಕುವಾಬಾರಾ ಎಡಗೈಯಲ್ಲಿ ಬಿಲ್ಲೆ ಚಾಚಿದ. ಅಜ್ಜ ತೆಗೆದುಕೊಳ್ಳಲಿಲ್ಲ.

"ಬಲಗೈಯಲ್ಲಿ ಕೊಡಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಲಗೈ ಎಂಬ ಮಾತು ಬಂದದ್ದೇ ಕುವಾಬಾರಾ ಆ ಕೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡ.

"ಯಾವ ಕೈಯಲ್ಲಿ ಕೊಟ್ರೇನು?"

"ಮೂಸಬೇಕು."

"ಏನು?"

"ನಿಮ್ಮ ಬಲಗೈ. ಮೂಸಬೇಕು."

"ಅತಿಥಿ ಕೈ ಮೂಸೋದು ಯಾವ ಊರ ಪದ್ಧತಿ?"

"ನಾಲ್ಕು ದಿನಕ್ಕೆ ಈ ಮನೆ ಸೊಸೆ ಪೆಟ್ಟಿಗೆ ಹೊತ್ಕೊಂಡು ಹಿಮದಲ್ಲಿ ನಡೀತಾಳೆ. ಆಮೇಲೆ ಕೂತ್ಕೊಂಡು ಪದ್ಧತಿ ಮಾತಾಡೋಣ. ಮರಿಗೆ ಎಲ್ಲಿಟ್ಟಿದ್ದೀರಿ?"

"ಮರಿಗೆ? ನಾನು?" ಅವನು ನನ್ನ ಕಡೆ ತಿರುಗಿದ. "ಫುಸಾಯೆ ಅವ್ರೇ, ನೀವೂ ಹಾಗೇ ಅಂದ್ಕೊಂಡಿದ್ದೀರಾ?"

"ಕೈ ತೋರಿಸೋಕೆ ಏನು ಧಾಡಿ ನಿಮಗೆ?" ಎಂದೆ. ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು.

ಅವನು ಗಂಟು ಇಳಿಸಿ, ತೋಳಿನಿಂದ ಕೈ ಹೊರಗೆ ತೆಗೆದ.

ಕಿರುಬೆರಳು ಬದನೆಕಾಯಿಯಷ್ಟು ಊದಿ ನೀಲಿಗಟ್ಟಿತ್ತು. ಅದರ ಬುಡದಲ್ಲಿ ಹೂಬಳ್ಳಿ ಕೆತ್ತಿದ ಸಣ್ಣ ಬೆಳ್ಳಿ ಉಂಗುರವೊಂದು ಸಿಕ್ಕಿಕೊಂಡಿತ್ತು.

ಅಜ್ಜ ಮೂಸಿದ. ಒಂದು ಸಲವಲ್ಲ, ಐದೂ ಬೆರಳನ್ನು ಒಂದೊಂದಾಗಿ ಮೂಸಿದ.

"ಕರ್ಪೂರ. ಶುಂಠಿ. ಕರಡಿ ಪಿತ್ತ." ಮುಖ ಸಪ್ಪಗಾಯಿತು. "ತವುಡು ಇಲ್ಲ."

"ಬೆಳ್ಳಿ ಅಜ್ಜ. ನಿಮ್ಮ ಬುಗ್ಗೆ ನೀರು ತಾಗಿದ್ರೆ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಕರೀ ಕಬ್ಬಿಣ ಆಗುತ್ತೆ. ಅದಕ್ಕೇ ಕೈ ಎತ್ತಿಕೊಂಡು ಕೂತಿದ್ದೆ."

"ಇದು ಹೆಂಗಸರ ಉಂಗುರ."

"ಹೌದು."

"ನಿಮ್ಮ ಬೆರಳಲ್ಲಿ ಯಾಕಿದೆ?"

"ಅಳತೆ ನೋಡೋಕೆ ಹಾಕ್ಕೊಂಡೆ. ಹೋದ ವರ್ಷ ಊಟದ ತಟ್ಟೆ ಇಡುವಾಗ ಅವರ ಬೆರಳು ನನ್ನ ಕಿರುಬೆರಳಿನಷ್ಟಿದೆ ಅಂತ ಅಂದಾಜು ಮಾಡಿದ್ದೆ. ಹೋಯ್ತು. ಬರಲಿಲ್ಲ. ಮೂರು ದಿನದಿಂದ ನನ್ನಲ್ಲಿರೋ ಎಲ್ಲಾ ಮುಲಾಮು ಹಚ್ಚಿದೆ."

"ಅವರು ಅಂದ್ರೆ ಯಾರು? ಹೆಸರು ಹೇಳಿ, ಅವರನ್ನೂ ವಿಚಾರಿಸಬೇಕು!"

ಕುವಾಬಾರಾನ ಕಿವಿ ಕೆಂಪಾಯಿತು. ಊಟದ ತಟ್ಟೆ ಇಡುವವಳು ಯಾರೆಂದು ಹೊಳೆದು ನನ್ನ ಕಿವಿಯೂ ಬಿಸಿಯಾಯಿತು. ಆ ಕೋಣೆಯಲ್ಲಿ ವಿಷಯ ಗೊತ್ತಾಗದೆ ಉಳಿದವನು ಪತ್ತೇದಾರನೊಬ್ಬನೇ.

"ಹೇಳಿ! ಯಾಕೆ ಇಬ್ರೂ ಮುಖ ಮುಖ ನೋಡ್ಕೋತೀರಿ?"

"ಅಜ್ಜ," ಎಂದ ಕುವಾಬಾರಾ, "ನೀವು ಇಷ್ಟು ವರ್ಷ ಬರೀ ಬೂಟು ನೋಡಿದ್ದು ಹೆಚ್ಚಾಯ್ತು."

ನನಗೆ ನಲವತ್ತೊಂಬತ್ತು. ಇಂಥ ಗಳಿಗೆಯಲ್ಲಿ ಏನು ಹೇಳಬೇಕೋ ಅದನ್ನು ಹೇಳಿ ಅಭ್ಯಾಸ ತಪ್ಪಿದೆ. ಬಾಯಿಂದ ಬಂದದ್ದು ಇಷ್ಟು: "ನನ್ನ ಬೆರಳು ಅಷ್ಟೊಂದು ದಪ್ಪ ಇಲ್ಲ."

"ಗೊತ್ತಾಯ್ತು. ಅದಕ್ಕೇ ಈ ಅವಸ್ಥೆ," ಎಂದ ಕುವಾಬಾರಾ. "ಉತ್ತರ ಈಗಲೇ ಬೇಡ. ಊತ ಇಳೀಲಿ, ಉಂಗುರ ಬರ್ಲಿ. ಆಮೇಲೆ ಹೇಳಿ."

ಆಗ ಅಜ್ಜನಿಗೆ ಅರ್ಥವಾಯಿತು. "ಓ!" ಎಂದ. ಮತ್ತೊಮ್ಮೆ "ಓಹೋ!" ಎಂದ. ಮರುಕ್ಷಣವೇ ಹತಾಶನಾಗಿ ಚಾಪೆಯ ಮೇಲೆ ಕುಸಿದು ಕೂತ. "ಹಾಗಾದ್ರೆ ಕಳ್ಳ ಯಾರು? ಇಪ್ಪತ್ತೊಂದು ಸ್ನಾನ ಮಾಡ್ದೆನಲ್ಲೋ!"

ಕುವಾಬಾರಾ ಬೂಟಿನೊಳಗೆ ಕಾಲು ತೂರಿಸುತ್ತ ಸಮಾಧಾನ ಹೇಳಿದ. "ನಿಮ್ಮ ಲೆಕ್ಕ ಸರಿಯಾಗೇ ಇದೆ ಅಜ್ಜ. ನನಗೆ ಉಂಗುರ ಇತ್ತು, ಕೈ ಎತ್ತಿದೆ. ಉಂಗುರಾನೂ ಇಲ್ಲ, ಮರಿಗೇನೂ ಇಲ್ಲ ಅಂದ್ರೆ ಈ ಚಳೀಲಿ ಯಾರು ಕೈ ಹೊರಗಿಟ್ಟು ಕೂರ್ತಾರೆ?"

ಅವನು ಹಿಮದೊಳಗೆ ನಡೆದುಹೋದ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಉಂಗುರದ ಯೋಚನೆಯಲ್ಲಿದ್ದೇನೆ ಅಂದುಕೊಂಡು ಅಜ್ಜ ಹಲ್ಲು ಬಿಟ್ಟ.

"ಅಜ್ಜ, ನೀವು ಗಂಡಸರ ಕಡೆ ಮಾತ್ರ ನೋಡಿದ್ರಿ."

"ಮತ್ತೆ ಹೆಂಗಸರ ಕಡೆ ಹೋಗೋಕಾಗುತ್ತೇನೆ?"

"ದೊಡ್ಡಮ್ಮೋರ ಕೈಯಲ್ಲಿ ಉಂಗುರ ಇದ್ಯಾ?"

"ಇಲ್ಲ. ಧಣಿಗಳು ತೀರಿಕೊಂಡ ದಿನಾನೇ ಬಿಚ್ಚಿಟ್ರು. ಯಾಕೆ?"

ಬೆಳಿಗ್ಗೆ ಕಲ್ಲುಕಟ್ಟೆಯ ಮೇಲೆ ಟವೆಲು ಹೊದ್ದು ಮಲಗಿದ್ದ ಆ ಬಲಗೈಯನ್ನು ಅಜ್ಜನಿಗೆ ಹೇಳಿದೆ. ನಿನ್ನೆಯೂ ಹಾಗೆಯೇ ಇತ್ತು. ಮೊನ್ನೆಯೂ. ಬೈಗುಳ ಕೇಳುವ ಭರದಲ್ಲಿ ನಾನು ನೋಡಿಯೂ ನೋಡಿರಲಿಲ್ಲ.

ತಾತ್ಸು ಅವರ ಕೋಣೆಯಲ್ಲಿ ಊದುಬತ್ತಿಯ ಹೊಗೆ ಮೋಡ ಕಟ್ಟಿತ್ತು. ಅವರು ಅಡಿಯಲ್ಲಿ ಕೆಂಡವಿಟ್ಟ ಗಿಡ್ಡ ಮೇಜು, ಕೊತಾತ್ಸುವಿನ ರಜಾಯಿಯೊಳಗೆ ಕಾಲು ತೂರಿಸಿ, ಎಡಗೈಯಲ್ಲಿ ಚಹಾ ಕುಡಿಯುತ್ತಿದ್ದರು. ಅಜ್ಜ ಹೊಸ್ತಿಲ ಹತ್ತಿರ ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸಿದ.

"ದೊಡ್ಡಮ್ಮೋರೇ, ತಪ್ಪು ತಿಳೀಬೇಡಿ. ನಿಮ್ಮ ಕೈ ಮೂಸಬಹುದಾ?"

"ನಲವತ್ತು ವರ್ಷ ತಡ ಮಾಡ್ದೆಯಲ್ಲೋ ಗೊಂಪಾಚಿ," ಎಂದರು ಅವರು.

ಅಜ್ಜ ಮತ್ತೆ ಏಡಿಯ ಬಣ್ಣಕ್ಕೆ ತಿರುಗಿದ. ಅವನಿಂದ ಇನ್ನು ಕೆಲಸವಾಗದು ಎಂದು ನಾನೇ ಮುಂದೆ ಹೋಗಿ ಹಾಸಿಗೆ ಕಪಾಟಿನ ಬಾಗಿಲು ಸರಿಸಿದೆ. ಮೂರು ದಿಂಬು, ಎರಡು ರಜಾಯಿ, ಅವುಗಳ ಹಿಂದೆ ಒಂದು ಕೂರುವ ಮೆತ್ತೆಯ ಮೇಲೆ, ಹೊದಿಕೆ ಹೊದ್ದು ಕೂಸಿನ ಹಾಗೆ ಕೂತಿತ್ತು ನಮ್ಮ ಮರಿಗೆ. ಎತ್ತಲಾಗದೆ, ಮೆತ್ತೆಯ ಮೇಲಿಟ್ಟು ನುಣುಪು ಹಜಾರದಲ್ಲಿ ಜಾರಿಸಿಕೊಂಡು ಬಂದಿದ್ದಾರೆ. ಅರುವತ್ತೆಂಟು ವರ್ಷದ ಹೆಂಗಸು!

"ನೀವೇ ಕದ್ರಾ?"

"ನನ್ನ ಮರಿಗೆ ನಾನು ತಂದ್ರೆ ಕಳ್ಳತನ ಹೇಗಾಗುತ್ತೆ? ಬಾಗಿಲು ಹಾಕು, ಗಾಳಿ ತಾಗುತ್ತೆ ಅದಕ್ಕೆ. ಇನ್ನೂ ನೆಟ್ಟಗೆ ಹುಷಾರಾಗಿಲ್ಲ."

"ಮತ್ತೆ ಆ ಹುಡುಗಿ ಪೆಟ್ಟಿಗೆ ಕಟ್ಕೊಂಡು ಕೂತಿದ್ದಾಳೆ! ಬಾಯಿಗೆ ಬಂದ ಹಾಗೆ ಬೈದ್ರಲ್ಲ ದಿನಾ!" ನಾನು ಕೆಲಸದವಳು ಎಂಬುದು ಮರೆತೇಹೋಗಿತ್ತು.

"ಬೈಯದೆ ಇದ್ದಿದ್ರೆ ನಿಮಗೆಲ್ಲಾ ಅನುಮಾನ ಬರ್ತಿತ್ತು."

ಅವರು ಬಟ್ಟಲು ಕೆಳಗಿಟ್ಟರು. ಮೂರು ದಿನದ ಹಿಂದೆ ಉಗ್ರಾಣಕ್ಕೆ ಹೋದಾಗ ಮುಚ್ಚಳ ತೆಗೆದಿತ್ತಂತೆ. ತವುಡಿನ ಮೇಲೆ ಬುಗ್ಗೆಯ ನೀರು ನಿಂತಿತ್ತಂತೆ.

"ಯಾರೋ ಬೇಕೂಂತ ಸುರಿದಿದ್ದಾರೆ. ಅವಳಲ್ಲ. ಅವಳಿಗೆ ಸಾರು ಮಾಡೋಕೆ ಬರಲ್ಲ, ಹಾಸಿಗೆ ಹಾಸೋಕೆ ಬರಲ್ಲ. ಆದ್ರೆ ನಾಲ್ಕು ವರ್ಷದಿಂದ ಅವಳ ಬಲಗೈ ಒಂದು ದಿನ ನೀರಿಗಿಳಿದಿಲ್ಲ, ನಾನು ಕದ್ದು ನೋಡಿದ್ದೀನಿ. ಮರಿಗೆ ಕೆಟ್ಟಿದೆ ಅಂದ್ರೆ ಹಿರಿಯರು ಅವಳ ಕೈಗೆ ದೋಷ ಹಾಕ್ತಾರೆ. ಕಳುವಾಗಿದೆ ಅಂದ್ರೆ ಕಳ್ಳನ ಮೇಲೆ ಹಾಕ್ಬೇಕಾಗುತ್ತೆ. ಶನಿವಾರದೊಳಗೆ ಬದುಕಿಸಿ, ಎಲ್ಲೋ ಸಿಕ್ತು ಅಂತ ತಂದಿಡ್ತಿದ್ದೆ."

ನನ್ನ ಕಣ್ಣು ಒದ್ದೆಯಾಯಿತು. ಊದುಬತ್ತಿಯ ಹೊಗೆಯಿಂದಲ್ಲ.

"ಬದುಕುತ್ತಾ?" ಎಂದೆ.

"ಮೇಲಿನ ಪದರ ತೆಗೆದು ಬಿಸಾಕಿದೆ. ಕೆಳಗೆ ಇನ್ನೂ ಉಸಿರಿದೆ. ತಿರುವುವಾಗ ಇದೊಂದು ಕೈಗೆ ಸಿಕ್ತು. ಸುರಿದವನ ಅಂಗಿ ತೋಳಿನಿಂದ ಬಿದ್ದಿರ್ಬೇಕು. ಶಾಯಿ ಅಳಿಸಿಹೋಗಿದೆ, ನನ್ನ ಕಣ್ಣಿಗೆ ಅಂಕಿ ಕಾಣಲ್ಲ." ರಜಾಯಿಯ ಅಡಿಯಿಂದ ತವುಡು ಮೆತ್ತಿದ ಒಂದು ಮರದ ಬಿಲ್ಲೆ ತೆಗೆದು ಅಜ್ಜನ ಮುಂದಿಟ್ಟರು.

ಅಜ್ಜ ಅದನ್ನು ಕಣ್ಣಿನಿಂದ ನೋಡಲೇ ಇಲ್ಲ. ಹೆಬ್ಬೆರಳಿನಿಂದ ಅಂಚು ಸವರಿದ, ಒಮ್ಮೆ, ಎರಡನೇ ಸಲ ನಿಧಾನವಾಗಿ. ಅವನ ಮುಖದ ಬಣ್ಣವೆಲ್ಲ ಇಳಿದುಹೋಯಿತು.

"ಬೆಳಕಲ್ಲಿ ನೋಡಿ ಹೇಳ್ತೀನಿ ದೊಡ್ಡಮ್ಮೋರೇ," ಎಂದು ಬಿಲ್ಲೆಯನ್ನು ಮೇಲಂಗಿಯ ತೋಳಿನೊಳಗೆ ಸೇರಿಸಿ ಎದ್ದ. ನನ್ನ ತೋಳು ಹಿಡಿದು ಹೊರಗೆ ಎಳೆದ. ತಾತ್ಸು ಅವರು ಅವನ ಬೆನ್ನನ್ನೇ ನೋಡುತ್ತಿದ್ದರು.

ಹಜಾರದಲ್ಲಿ ಅಜ್ಜ ಓಡಿದ. ಅವನು ಓಡಿದ್ದನ್ನು ನಾನು ಹಿಂದೆಂದೂ ನೋಡಿಲ್ಲ.

"ಅತಿಥಿಗಳ ಬಿಲ್ಲೆ ದೇವದಾರು," ಎಂದ ಏದುಸಿರಲ್ಲಿ. "ಮನೆಯವರದು ಮಾತ್ರ ಚೆರಿ ಮರ. ನಾನೇ ಕೆತ್ತಿದ್ದು. ಅಂಚಿನಲ್ಲಿ ಏಳು ಕಚ್ಚು ಇದೆ ಫುಸಾಯೆ."

"ಏಳು ಅಂದ್ರೆ..."

"ಚಿಕ್ಕ ಧಣಿಗಳು ಸೆಂದಾಯ್‌ಗೆ ಹೊರಟ ದಿನ ನನ್ನ ಕೈಯಾರೆ ಬೂಟು ಕೊಟ್ಟು, ನನ್ನ ಕೈಯಾರೆ ಬಿಲ್ಲೆ ಮೊಳೆಗೆ ಹಾಕಿದ್ದೆ."

ಚಪ್ಪಲಿ ಕೋಣೆಯ ಹಲಗೆಯಲ್ಲಿ ಏಳನೇ ಮೊಳೆ ಖಾಲಿ. ಹನ್ನೊಂದು ದಿನದಿಂದ ಅಜ್ಜ ಅದೇ ಹಲಗೆಗೆ ಬೆನ್ನು ಮಾಡಿ ಕೂತಿದ್ದ, ಮೂರು ದಿನ ಸ್ನಾನದ ಮನೆಯಲ್ಲಿ ನೆನೆದಿದ್ದ. ದೀಪದ ಬುಡದಲ್ಲೇ ಕತ್ತಲೆ.

ಖಾನೆಯ ಬಾಗಿಲ ಮೇಲೆ ಕೈಯಿಟ್ಟು ಅವನು ಹಿಂದೆಮುಂದೆ ನೋಡಿದ. "ದಾರೀಲಿ ಇರೋರ ಖಾನೆ..."

"ದಾರೀಲಿ ಇದ್ದಾರೋ ಮನೇಲಿ ಇದ್ದಾರೋ ಅಂತ ನೋಡೋಕೇ ತೆಗೀರಿ!"

ತೆಗೆದ.

ಒಳಗೆ ಒಂದು ಜೊತೆ ಬೂಟು. ಬಲ ಹಿಮ್ಮಡಿ ಹೊರಗಡೆಗೆ ಸವೆದದ್ದು. ಎರಡನ್ನೂ ಅಂಚಿಗೆ ಅಂಚು ಕೂಡಿಸಿ, ತುದಿ ಹೊರಗೆ ಮಾಡಿ, ಅಚ್ಚುಕಟ್ಟಾಗಿ ಇಟ್ಟಿತ್ತು. ಮಡಿಕೆಗಳಲ್ಲಿ ಹಿಮ ಇನ್ನೂ ಪೂರ್ತಿ ಕರಗಿರಲಿಲ್ಲ; ಅಜ್ಜ ಸ್ನಾನದಲ್ಲಿದ್ದಾಗ ಇವತ್ತೂ ಹೊರಗೆ ಹೋಗಿ ಬಂದಿರಬೇಕು.

ತನ್ನ ಮನೆಗೇ ಕಳ್ಳನ ಹಾಗೆ ನುಗ್ಗಿದವನು, ಅಮ್ಮನ ಮರಿಗೆಗೆ ವಿಷ ಹಾಕಲು ಹೊರಟವನು, ಬೂಟು ಹಾಕಿಕೊಂಡು ಒಳಗೆ ಕಾಲಿಡಲಾರದೆ ಕಳಚಿ, ಜೋಡಿಸಿ, ತನ್ನ ಖಾನೆಯಲ್ಲಿಟ್ಟು, ತನ್ನ ಬಿಲ್ಲೆ ತೆಗೆದುಕೊಂಡು ಹೋಗಿದ್ದ!

"ಮೂರು ವರ್ಷದ ಮಗು ಇದ್ದಾಗ ನಾನೇ ಕಲಿಸಿದ್ದು," ಎಂದ ಅಜ್ಜ. "ಚೆನ್ನಾಗಿ ಕಲಿತ."

ಹೆಜ್ಜೆ ಸಪ್ಪಳ ಕೇಳಿತು. ನಾವಿಬ್ಬರೂ ತೆರೆದ ಖಾನೆಯ ಮುಂದೆ ಬೊಂಬೆಗಳ ಹಾಗೆ ನಿಂತಿದ್ದಾಗ ಚಿಯೋ ಒಳಗೆ ಬಂದಳು. ಕಂಕುಳಲ್ಲಿ ಹಳೇ ಪತ್ರಿಕೆಗಳ ಕಟ್ಟು. ನಡೆಯುತ್ತಲೇ ಒಂದು ಹಾಳೆಯನ್ನು ಎರಡೂ ಕೈಯಲ್ಲಿ ಮುದುರಿ ಉಂಡೆ ಮಾಡುತ್ತಿದ್ದಳು, ಒದ್ದೆ ಬೂಟಿನೊಳಗೆ ತುರುಕಿ ಒಣಗಿಸಲು ನಾವೆಲ್ಲ ಮಾಡುವ ಹಾಗೆ.

ನಮ್ಮನ್ನು ನೋಡಿದಳು. ತೆರೆದ ಏಳನೇ ಖಾನೆಯನ್ನು ನೋಡಿದಳು. ಪತ್ರಿಕೆಗಳು ಕೈಜಾರಿ ನೆಲದ ಮೇಲೆಲ್ಲ ಹರಡಿದವು.

ಆ ಮೂರು ಅನ್ನದುಂಡೆ ಯಾರ ಹಸಿವಿಗೆ ಎಂದು ಆಗ ನನಗೆ ತಿಳಿಯಿತು.

"ಫುಸಾಯೆ ಅಕ್ಕ," ಅವಳ ದನಿ ಏಳಲೇ ಇಲ್ಲ. "ನಿಮ್ಮ ಕಾಲಿಗೆ ಬೀಳ್ತೀನಿ. ಇನ್ನು ನಾಲ್ಕೇ ದಿನ. ಹಿರಿಯರು ನನ್ನ ಕಳಿಸಿದ್ರೆ ನಾವಿಬ್ರೂ ಒಟ್ಟಿಗೆ ಈ ಮನೆ ಬಿಟ್ಟು ಹೋಗ್ತೀವಿ. ಅತ್ತೆಗೆ ಮಾತ್ರ ಹೇಳ್ಬೇಡಿ."

ನಾನು ಬಾಯಿ ತೆರೆಯುವ ಮೊದಲೇ, ನನ್ನ ಬೆನ್ನ ಹಿಂದಿನ ಹಜಾರದಿಂದ ತವುಡಿನ ಹುಳಿ ವಾಸನೆ ಬಂತು.